ಟೂಸಾನಿನಿಂದ ಡಲೂತ್‌ಗೆ ಮೋಟಾರ್‌ಹೋಮಿನಲ್ಲಿ: ಬೇಸಿಗೆ ಮನೆಗೆ ಹೊರಡುವ ನಿವೃತ್ತ ದಂಪತಿಗೊಂದು ಮಾರ್ಗದರ್ಶಿ

ಚಳಿಗಾಲವನ್ನು ಅರಿಜೋನಾದ ಬಿಸಿಲಿನಲ್ಲಿ, ಬೇಸಿಗೆಯನ್ನು ಮಿನ್ನೆಸೋಟದ ಸರೋವರದ ದಂಡೆಯಲ್ಲಿ ಕಳೆಯುವ ನಿವೃತ್ತರನ್ನು ಅಮೆರಿಕದಲ್ಲಿ ಸ್ನೋಬರ್ಡ್ ಎನ್ನುತ್ತಾರೆ. ಇಂಜಿನಿಯರು, ಡಾಕ್ಟರುಗಳಾಗಿ ಹೋಗಿ ಅಲ್ಲೇ ನೆಲೆಸಿ ಈಗ ನಿವೃತ್ತರಾಗಿರುವ ಕನ್ನಡಿಗರಲ್ಲೂ ಈ ಬದುಕನ್ನು ಆರಿಸಿಕೊಂಡವರಿದ್ದಾರೆ. ಅರಿಜೋನಾದ ಟೂಸಾನಿನಿಂದ ಮಿನ್ನೆಸೋಟದ ಡಲೂತ್‌ಗೆ ವಿಮಾನದಲ್ಲಿ ಹೋದರೆ ಒಂದೇ ದಿನ. ಮೋಟಾರ್‌ಹೋಮಿನಲ್ಲಿ ಹೋದರೆ ಹನ್ನೆರಡು ದಿನ. ಆದರೆ ನಿಮ್ಮದೇ ಹಾಸಿಗೆ, ನಿಮ್ಮದೇ ಅಡುಗೆ, ನಿಮ್ಮದೇ ಕಕ್ಕಸು ಜೊತೆಗೇ ಬರುತ್ತವೆ. ಅರವತ್ತೈದು ದಾಟಿದವರಿಗೆ ಇದು ಸಣ್ಣ ಅನುಕೂಲವಲ್ಲ.

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಈ ಪ್ರಯಾಣ ಕೆಡುವುದು ಇಂಜಿನ್ ಕೈಕೊಟ್ಟು ಅಲ್ಲ. ಗಾಡಿಯ ಕೆಲಸವೆಲ್ಲ ಒಬ್ಬರಿಗೇ ಗೊತ್ತಿದ್ದು, ದಾರಿಯಲ್ಲಿ ಅವರೇ ಹಾಸಿಗೆ ಹಿಡಿದಾಗ. ಯಜಮಾನರು ಓಡಿಸುವುದು, ಮನೆಯವರು ಅಡುಗೆ ನೋಡಿಕೊಳ್ಳುವುದು ಎಂಬ ಹಂಚಿಕೆ ಊರೊಳಗೆ ನಡೆದೀತು. ನ್ಯೂ ಮೆಕ್ಸಿಕೋದ ಬಯಲಿನಲ್ಲಿ ನಡೆಯದು. ಕೆಳಗಿನ ಪ್ರತಿ ಹೆಜ್ಜೆಯನ್ನೂ ಇಬ್ಬರೂ ಒಂದೊಂದು ಸಲವಾದರೂ ಕೈಯಾರೆ ಮಾಡಿ ನೋಡಿರಬೇಕು.

ಯಾವ ಗಾಡಿ, ಯಾವ ದಾರಿ, ಯಾವಾಗ

ಇಲ್ಲಿನ ಲೆಕ್ಕವೆಲ್ಲ ಫೋರ್ಡ್ ಇ-450 ಚಾಸಿಯ ಮೇಲೆ ಕಟ್ಟಿದ, 28 ಅಡಿ ಆಸುಪಾಸಿನ ಕ್ಲಾಸ್ ಸಿ ಮೋಟಾರ್‌ಹೋಮಿನದು. ಸೀಟಿನ ಮೇಲೆ ಅಟ್ಟದಂತೆ ಹಾಸಿಗೆ ಚಾಚಿಕೊಂಡಿರುವ ಮಾದರಿ. ಇಬ್ಬರಿಗೆ ಇದು ಸಾಕು, ಸಾಮಾನ್ಯ ಡ್ರೈವಿಂಗ್ ಲೈಸೆನ್ಸಿನಲ್ಲೇ ಓಡಿಸಬಹುದು. 36 ಅಡಿಯ ಕ್ಲಾಸ್ ಎ ಬಸ್ಸಿನಂಥದ್ದು ನೋಡಲು ಚೆನ್ನ. ಎಪ್ಪತ್ತರ ವಯಸ್ಸಿನಲ್ಲಿ ಮೊದಲ ಸಲ ಕಲಿಯುವ ಗಾಡಿ ಅದಲ್ಲ.

ದಾರಿ ಹೀಗೆ: ಟೂಸಾನಿನಿಂದ ಐ-10 ಹೆದ್ದಾರಿ ಹಿಡಿದು ಲಾಸ್ ಕ್ರೂಸಸ್, ಅಲ್ಲಿಂದ ಯುಎಸ್-70 ಹೆದ್ದಾರಿಯಲ್ಲಿ ಅಲಮಗೋರ್ಡೊ, ಮುಂದೆ ಯುಎಸ್-54ರಲ್ಲಿ ಟುಕುಮ್‌ಕ್ಯಾರಿ, ಡಾಲ್‌ಹಾರ್ಟ್, ಗೈಮನ್, ಲಿಬರಲ್ ದಾಟಿ ವಿಚಿಟಾ. ಅಲ್ಲಿಂದ ಐ-35 ನೇರ ಉತ್ತರಕ್ಕೆ ಕಾನ್ಸಾಸ್ ಸಿಟಿ, ಡಿಮಾಯ್ನ್, ಮಿನಿಯಾಪೊಲಿಸ್, ಡಲೂತ್. ಒಟ್ಟು ಸುಮಾರು 1,800 ಮೈಲಿ. ಫ್ಲ್ಯಾಗ್‌ಸ್ಟಾಫ್ ಮೇಲಿನ ಐ-40 ದಾರಿಯನ್ನು ಬೇಕೆಂದೇ ಬಿಟ್ಟಿದ್ದೇವೆ. ಅದು 7,000 ಅಡಿ ಏರುತ್ತದೆ, ಏಪ್ರಿಲ್ ಕೊನೆಯಲ್ಲೂ ಹಿಮ ಬೀಳಬಹುದು.

ಹೊರಡಲು ಒಳ್ಳೆಯ ಕಾಲ ಮೇ ಮೊದಲ ವಾರ. ಅದಕ್ಕೂ ಮೊದಲು ಹೊರಟರೆ ಉತ್ತರದಲ್ಲಿ ರಾತ್ರಿ ನೀರು ಹೆಪ್ಪುಗಟ್ಟಿ ಗಾಡಿಯ ಪೈಪು ಒಡೆಯುತ್ತದೆ, ಗಾಡಿ ನಿಲ್ಲಿಸಿ ತಂಗುವ ಕ್ಯಾಂಪ್‌ಗ್ರೌಂಡುಗಳಲ್ಲಿ ನಲ್ಲಿಗೆ ನೀರೇ ಬಿಟ್ಟಿರುವುದಿಲ್ಲ. ತಡ ಮಾಡಿದರೆ ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ರಜೆಯ ನೂಕುನುಗ್ಗಲು. ಮಿನ್ನೆಸೋಟದಲ್ಲಿ ಮೀನು ಹಿಡಿಯುವ ಋತು ಮೇ ಮಧ್ಯದ ಒಂದು ಶನಿವಾರ ಶುರುವಾಗುತ್ತದೆ. ಅದರ ಹಿಂದಿನ ಶುಕ್ರವಾರ ಮಧ್ಯಾಹ್ನ ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಹೋಗುವ ಐ-35ರಲ್ಲಿ ಸಿಕ್ಕಿಕೊಳ್ಳಬೇಡಿ.

ಆರು ವಾರ ಮೊದಲು: ಗಾಡಿಯನ್ನು ಎಬ್ಬಿಸುವುದು

ಮೊದಲು ಟೈರು. ಮರುಭೂಮಿಯ ಬಿಸಿಲಿನಲ್ಲಿ ನಿಂತ ಟೈರು ಸವೆಯುವ ಮೊದಲೇ ಒಣಗಿ ಬಿರುಕು ಬಿಡುತ್ತದೆ. ಪಕ್ಕದಲ್ಲಿ ಅಚ್ಚೊತ್ತಿರುವ, DOT ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ, ಮೇಲ್ಮೈಯ ಹಿಡಿತದ ಗೀರು ಎಷ್ಟೇ ಆಳವಾಗಿ ಉಳಿದಿರಲಿ, ಬದಲಿಸಿ. ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನ ಟೈರನ್ನು ಯಾರೂ ನೋಡುವುದಿಲ್ಲ. ಅದಕ್ಕೆ ಗಾಳಿ ಕಡಿಮೆಯಾದರೆ ಹೊರಗಿನದು ಎರಡರ ಭಾರವನ್ನೂ ಹೊತ್ತು ಕಾದು ಸಿಡಿಯುತ್ತದೆ. ಸಿಡಿದ ರಬ್ಬರು ಚಕ್ರದ ಮೇಲಿನ ತಗಡು, ವೈರು, ಗ್ಯಾಸ್ ಪೈಪನ್ನು ಹರಿದುಹಾಕುತ್ತದೆ. ಆರೂ ಚಕ್ರಕ್ಕೆ ಗಾಳಿ ಒತ್ತಡ ತೋರಿಸುವ ಸೆನ್ಸರ್ ಹಾಕಿಸಿ. ಮೋಟಾರ್‌ಹೋಮಿಗೆ ಕೊಳ್ಳುವ ಮೇಲುಸಾಮಾನುಗಳಲ್ಲಿ ಒಂದನ್ನೇ ಆರಿಸಿ ಎಂದರೆ ನಮ್ಮ ಆಯ್ಕೆ ಇದೇ.

ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ ಮಾತ್ರ. ಓಡಿ ಬಿಸಿಯಾದ ಟೈರಿನ ಒತ್ತಡ ಏರಿರುವುದು ಸಹಜ, ಅದನ್ನು ಬಿಟ್ಟು ಇಳಿಸಬಾರದು. ಹವೆ 10 ಡಿಗ್ರಿ ಫ್ಯಾರನ್‌ಹೀಟ್ ತಣ್ಣಗಾದರೆ 80 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ತುಂಬಿದ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಟೂಸಾನಿನಲ್ಲಿ 85 ಡಿಗ್ರಿಯಲ್ಲಿ ಗಾಳಿ ಹೊಡೆಸಿ, ಅಯೋವಾದಲ್ಲಿ 45 ಡಿಗ್ರಿಯ ಬೆಳಗಿಗೆ ಎದ್ದರೆ ಆರು ಪಿಎಸ್‌ಐ ಕಮ್ಮಿ ಇರುತ್ತದೆ. ಚಿಕ್ಕದೊಂದು 12 ವೋಲ್ಟಿನ ಪಂಪು ಜೊತೆಗಿರಲಿ. 100 ಪಿಎಸ್‌ಐಗಿಂತ ಹೆಚ್ಚು ಒತ್ತುವಂಥದ್ದೇ ಆಗಬೇಕು, ಕಾರಿನ ಅಗ್ಗದ ಪಂಪು 80ರ ಹತ್ತಿರ ಸೋಲುತ್ತದೆ.

ಬ್ಯಾಟರಿ: ಚಾರ್ಜರ್ ತೆಗೆದು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮೀಟರ್ ಹಿಡಿಯಿರಿ. ಸೀಸದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ. ಡಿಸ್ಟಿಲ್ಡ್ ನೀರು ತಟ್ಟೆಗಳು ಮುಳುಗುವಷ್ಟಿರಬೇಕು. ಲಿಥಿಯಂ ಬ್ಯಾಟರಿಯಾದರೆ ಶೂನ್ಯ ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಬಾರದು. ಬಾನೆಟ್ ಎತ್ತಿ ವೈರುಗಳನ್ನೂ ನೋಡಿ. ಟೂಸಾನ್ ಕಡೆ ಪ್ಯಾಕ್‌ರ‍್ಯಾಟ್ ಎಂಬ ಇಲಿ ಕಳ್ಳಿಯ ತುಂಡುಗಳನ್ನು ತಂದು ಇಂಜಿನ್ನಿನ ಮೇಲೆ ಗೂಡು ಕಟ್ಟಿ, ವೈರಿನ ಹೊದಿಕೆ ತಿನ್ನುತ್ತದೆ.

ಕುಡಿಯುವ ನೀರಿನ ತೊಟ್ಟಿ ತೊಳೆಯುವ ಕ್ರಮ: ನೀರಿನ ಫಿಲ್ಟರು ತೆಗೆಯಿರಿ, ವಾಟರ್ ಹೀಟರಿನೊಳಗೆ ನೀರು ಹೋಗದಂತೆ ಅದನ್ನು ಬೈಪಾಸಿಗೆ ಹಾಕಿ. 15 ಗ್ಯಾಲನ್ ನೀರಿಗೆ ಕಾಲು ಕಪ್ ವಾಸನೆಯಿಲ್ಲದ ಬ್ಲೀಚ್ ಲೆಕ್ಕ. 50 ಗ್ಯಾಲನ್ ತೊಟ್ಟಿಗೆ ಮುಕ್ಕಾಲು ಕಪ್‌ಗಿಂತ ತುಸು ಹೆಚ್ಚು. ಬ್ಲೀಚನ್ನು ಬಕೆಟ್ ನೀರಿನಲ್ಲಿ ಬೆರೆಸಿ ಸುರಿದು, ತೊಟ್ಟಿ ತುಂಬಿಸಿ, ಪ್ರತಿ ನಲ್ಲಿಯಲ್ಲೂ ಬ್ಲೀಚಿನ ವಾಸನೆ ಬರುವವರೆಗೆ ಬಿಡಿ. ಹೊರಗಿನ ಶವರನ್ನು ಮರೆಯಬೇಡಿ. ಹನ್ನೆರಡು ಗಂಟೆ ಬಿಟ್ಟು ಖಾಲಿ ಮಾಡಿ, ವಾಸನೆ ಹೋಗುವವರೆಗೆ ಎರಡು ಮೂರು ಸಲ ತೊಳೆಯಿರಿ. ಸಬರ್ಬನ್ ಕಂಪನಿಯ ವಾಟರ್ ಹೀಟರ್ ಇದ್ದರೆ ಅದರ ಆನೋಡ್ ಕಡ್ಡಿಯನ್ನು ಬಿಚ್ಚಿ ನೋಡಿ. ನೀರು ಪೂರ್ತಿ ತಣ್ಣಗಾಗಿ, ಒತ್ತಡ ಬಿಟ್ಟ ಮೇಲಷ್ಟೇ ಬಿಚ್ಚಬೇಕು. ಮುಕ್ಕಾಲು ಪಾಲು ಸವೆದಿದ್ದರೆ ಹೊಸದು ಹಾಕಿ, ಇಲ್ಲವಾದರೆ ಸವೆಯುವ ಸರದಿ ತೊಟ್ಟಿಯದೇ.

ಹೊಗೆ, ಕಾರ್ಬನ್ ಮೊನಾಕ್ಸೈಡ್, ಎಲ್‌ಪಿ ಗ್ಯಾಸ್ ಡಿಟೆಕ್ಟರುಗಳ ಹಿಂಬದಿಯ ದಿನಾಂಕ ಓದಿ. ಗುಂಡಿ ಒತ್ತಿದಾಗ ಕೂಗಿದರೆ ಸಾಲದು, ಅವಧಿ ಮುಗಿದ ಡಿಟೆಕ್ಟರೂ ಕೂಗುತ್ತದೆ.

ತೂಕ: ಮನೆ ಎಂದು ತುಂಬಬೇಡಿ

ಬಹಳ ಜನ ತಪ್ಪುವುದು ಇಲ್ಲೇ. ಇ-450ರ ಗರಿಷ್ಠ ಒಟ್ಟು ತೂಕ 14,500 ಪೌಂಡ್. ಅದರಲ್ಲಿ ಬಹುಪಾಲನ್ನು ಖಾಲಿ ಗಾಡಿಯೇ ತಿಂದುಬಿಟ್ಟಿರುತ್ತದೆ. ಒಳಬಾಗಿಲ ಬಳಿ ಅಂಟಿಸಿರುವ ಚೀಟಿಯಲ್ಲಿ ಜನ ಮತ್ತು ಸಾಮಾನು ಸೇರಿ ಎಷ್ಟು ಮೀರಬಾರದು ಎಂದು ಬರೆದಿರುತ್ತದೆ. ಅದು 1,800 ಪೌಂಡ್ ಎಂದುಕೊಳ್ಳಿ. ನೀವಿಬ್ಬರು 320. ಒಂದು ಗ್ಯಾಲನ್ ನೀರು 8.3 ಪೌಂಡ್, ಹಾಗಾಗಿ 50 ಗ್ಯಾಲನ್ ತುಂಬಿಸಿದರೆ 415. ಉಳಿದದ್ದು 1,065. ಅದರೊಳಗೆ ಪಾತ್ರೆ, ಬಟ್ಟೆ, ಹಾಸಿಗೆ, ಕುರ್ಚಿ, ಉಪಕರಣ, ದಿನಸಿ ಎಲ್ಲ. ತಲಾ 20 ಪೌಂಡಿನ ನಾಲ್ಕು ಅಕ್ಕಿ ಚೀಲ, ಗ್ರೈಂಡರ್, ಎರಡು ಬೀರು ಪುಸ್ತಕ ಎನ್ನುತ್ತ ಹೋದರೆ ಹೊರಡುವ ಮೊದಲೇ ಮಿತಿ ದಾಟಿರುತ್ತೀರಿ. ಮಿನಿಯಾಪೊಲಿಸ್‌ನಲ್ಲಿ ಭಾರತೀಯ ಅಂಗಡಿಗಳು ಬೇಕಾದಷ್ಟಿವೆ, ಅಕ್ಕಿ ಬೇಳೆ ಅಲ್ಲೇ ಕೊಳ್ಳಿ. ರಾತ್ರಿ ನಲ್ಲಿ ಸಿಗುವ ದಾರಿಯಲ್ಲಿ ತೊಟ್ಟಿಯ ಮೂರನೇ ಒಂದು ಪಾಲು ನೀರು ಸಾಕು.

ಎಷ್ಟು ತುಂಬಿದಿರಿ ಎನ್ನುವಷ್ಟೇ ಮುಖ್ಯ ಎಲ್ಲಿ ತುಂಬಿದಿರಿ ಎಂಬುದು. ಹಿಂಚಕ್ರದ ಆಚೆಗೆ ಗಾಡಿ ಒಂಬತ್ತು ಹತ್ತು ಅಡಿ ಚಾಚಿರುತ್ತದೆ. ಅಲ್ಲಿ ಭಾರ ಇಟ್ಟರೆ ಏತದ ಹಾಗೆ ಮುಂದಿನ ಚಕ್ರದ ಮೇಲಿನ ಭಾರ ಎತ್ತಿದಂತಾಗುತ್ತದೆ. ಸ್ಟೀರಿಂಗ್ ಹಗುರವಾಗಿ, ಲಾರಿ ಪಕ್ಕದಲ್ಲಿ ಹಾದಾಗ ಗಾಡಿ ತೂರಾಡುವುದು ಇದರಿಂದಲೇ. ಭಾರದ್ದನ್ನೆಲ್ಲ ಎರಡು ಆಕ್ಸಲ್ (ಚಕ್ರದ ಅಚ್ಚು) ನಡುವೆ, ಕೆಳಗಿನ ಗೂಡುಗಳಲ್ಲಿ ಇಡಿ.

ಊಹೆ ಬೇಡ, ತೂಗಿಸಿ. ದೊಡ್ಡ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ, ಇಡೀ ಲಾರಿ ತೂಗುವ ತಕ್ಕಡಿ ಇರುತ್ತದೆ. ಪೆಟ್ರೋಲ್ ಪೂರ್ತಿ ತುಂಬಿಸಿ, ಇಬ್ಬರೂ ಕೂತು, ಮುಂಚಕ್ರ ಮೊದಲ ಹಲಗೆಯ ಮೇಲೆ, ಹಿಂಚಕ್ರ ಎರಡನೆಯದರ ಮೇಲೆ ನಿಲ್ಲಿಸಿ. ಹಿಂದೆ ಕಾರು ಕಟ್ಟಿದ್ದರೆ ಅದು ಮೂರನೆಯದರ ಮೇಲೆ. ಚೀಟಿಯಲ್ಲಿ ಪ್ರತಿ ಆಕ್ಸಲಿನ ತೂಕ ಬೇರೆಬೇರೆ ಬರುತ್ತದೆ. ಆ ತೂಕವನ್ನು ಟೈರು ಕಂಪನಿಯ ಪಟ್ಟಿಯಲ್ಲಿ ಹುಡುಕಿ, ಎಷ್ಟು ಗಾಳಿ ಬೇಕೆಂದು ನಿರ್ಧರಿಸಿ. ಈ ಗಾಡಿಗೆ ಸಾಮಾನ್ಯವಾಗಿ ಬರುವ 225/75ಆರ್16 ಅಳತೆಯ, ಲೋಡ್ ರೇಂಜ್ ಇ (ಭಾರ ಹೊರುವ ದರ್ಜೆ) ಟೈರು 80 ಪಿಎಸ್‌ಐಯಲ್ಲಿ ಒಂಟಿಯಾಗಿ 2,680 ಪೌಂಡ್, ಜೋಡಿಯಲ್ಲಿ ತಲಾ 2,470 ಪೌಂಡ್ ಹೊರುತ್ತದೆ. ಅದಕ್ಕಿಂತ ಒಂದು ಪೌಂಡೂ ಹೆಚ್ಚಿಲ್ಲ.

ಕಾರನ್ನು ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯುವುದಾದರೆ, ಹಾಗೆ ಎಳೆಯಲು ಅನುಮತಿ ಇದೆಯೇ ಎಂದು ಆ ಕಾರಿನ ಕೈಪಿಡಿಯಲ್ಲಿ ನೋಡಿ. ಅನುಮತಿ ಇಲ್ಲದ ಕಾರಿನ ಗೇರ್‌ಬಾಕ್ಸ್ ನೂರಾರು ಮೈಲಿಯೊಳಗೆ ಸುಟ್ಟುಹೋಗುತ್ತದೆ. ಕಾರಿಗೆ ಪ್ರತ್ಯೇಕ ಬ್ರೇಕ್ ವ್ಯವಸ್ಥೆ ಬೇಕು. ಕಾರು ಕಟ್ಟಿದ ಮೇಲೆ ಹಿಂದಕ್ಕೆ ಬರುವಂತಿಲ್ಲ. ಎರಡು ಮೂರು ಅಡಿ ಬಂದರೂ ಕಾರಿನ ಮುಂಚಕ್ರ ಅಡ್ಡ ತಿರುಗಿ ಎಳೆಯುವ ತೋಳು ಬಾಗುತ್ತದೆ. ಪೆಟ್ರೋಲ್ ಬಂಕಿಗೆ ನುಗ್ಗುವ ಮುಂಚೆ ಹೊರಹೋಗುವ ದಾರಿ ನೋಡಿಟ್ಟುಕೊಳ್ಳಿ.

ಇಬ್ಬರೂ ಓಡಿಸುವುದು

ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ. ಹೆಚ್ಚು ಓಡಿಸದವರು ಸ್ಟೀರಿಂಗ್ ಹಿಡಿಯಲಿ. ಮೂರು ವಿಷಯ ಕೈಗೆ ಹತ್ತಬೇಕು. ಮೊದಲನೆಯದು ಬಲ ತಿರುವು: ಹಿಂಚಕ್ರ ಒಳಗೊಳಗೆ ಬರುತ್ತದೆ, ಆದ್ದರಿಂದ ಮುಂದೆ ಹೋಗಿ ತಡವಾಗಿ ತಿರುಗಿಸಬೇಕು. ಎರಡನೆಯದು ಬಾಲ: ಎಡಕ್ಕೆ ತಿರುಗಿಸಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ. ಚಾಚಿರುವ ಮೂರು ಅಡಿಗೆ ಒಂದಡಿಯಂತೆ ಬೀಸಬಹುದು ಎಂದು ಲೆಕ್ಕ ಇಟ್ಟುಕೊಳ್ಳಿ. ಬಂಕಿನ ಹಳದಿ ಕಂಬಕ್ಕೆ ಗಾಡಿಯ ಮೈ ಒರೆಸಿಕೊಳ್ಳುವುದು ಹೀಗೆಯೇ. ಪಂಪಿನಿಂದ ಹೊರಡುವಾಗ ಹಿಂಚಕ್ರ ಕಂಬ ದಾಟುವವರೆಗೆ ನೇರ ಹೋಗಿ. ಮೂರನೆಯದು ಹಿಂದಕ್ಕೆ ತೆಗೆಯುವುದು: ಇನ್ನೊಬ್ಬರು ಎಡ ಹಿಂಬದಿಯಲ್ಲಿ, ಕನ್ನಡಿಯಲ್ಲಿ ಕಾಣುವ ಹಾಗೆ ನಿಂತು ಫೋನಿನಲ್ಲಿ ಹೇಳಬೇಕು. ಅವರು ಕನ್ನಡಿಯಿಂದ ಮರೆಯಾದ ಕೂಡಲೇ ಬ್ರೇಕ್. ಅನುಮಾನ ಬಂದರೆ ಇಳಿದು ನೋಡಿ, ಮರದ ಕೊಂಬೆಯನ್ನೂ ನೋಡಿ. ಗಾಡಿಯ ಎತ್ತರವನ್ನು ಅಡಿ ಇಂಚಿನಲ್ಲಿ ಬರೆದು ಸ್ಟೀರಿಂಗ್ ಎದುರು ಅಂಟಿಸಿಡಿ.

ಇಳಿಜಾರಿನಲ್ಲಿ ಗೇರು ತಗ್ಗಿಸಿ ಹಿಡಿಯುವ ಟೋ-ಹಾಲ್ ಗುಂಡಿ ಒತ್ತಿ, ಇಂಜಿನ್ನೇ ವೇಗವನ್ನು ತಡೆಹಿಡಿಯುವಂತೆ ಬಿಡಿ. ವೇಗ ಏರಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಐದು ಮೈಲಿ ಇಳಿಸಿ, ಪೂರ್ತಿ ಬಿಡಿ. ಸದಾ ಮೆಲ್ಲಗೆ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಔಷಧಿ, ವಿಮೆ, ಕಾಗದಪತ್ರ

ಸರ್ಕಾರವೇ ನಡೆಸುವ ಹಿರಿಯರ ಆರೋಗ್ಯ ವಿಮೆ, ಅಂದರೆ ಒರಿಜಿನಲ್ ಮೆಡಿಕೇರ್ ಇದ್ದವರಿಗೆ ಅದನ್ನು ಒಪ್ಪುವ ಯಾವ ರಾಜ್ಯದ ಡಾಕ್ಟರಾದರೂ ಆದೀತು. ಖಾಸಗಿ ಕಂಪನಿಗಳ ಮೂಲಕ ಬರುವ ಮೆಡಿಕೇರ್ ಅಡ್ವಾಂಟೇಜ್ ಇದ್ದವರ ಮಾತು ಬೇರೆ. ಹೊರ ಊರಿನಲ್ಲಿ ತುರ್ತು ಚಿಕಿತ್ಸೆ ಸಿಗುತ್ತದೆ, ಮಾಮೂಲಿ ತಪಾಸಣೆ ಸಿಗದೆ ಹೋಗಬಹುದು. ಯೋಜನೆಯ ವ್ಯಾಪ್ತಿಯಿಂದ ಸತತ ಆರು ತಿಂಗಳು ಹೊರಗಿದ್ದರೆ ಸಾಮಾನ್ಯವಾಗಿ ಅದರಿಂದ ಹೆಸರೇ ತೆಗೆಯುತ್ತಾರೆ. ಬೇಸಿಗೆಯಿಡೀ ಉತ್ತರದಲ್ಲಿರುವವರು ಇದನ್ನು ಹೊರಡುವ ಮೊದಲೇ ಫೋನ್ ಮಾಡಿ ಕೇಳಬೇಕು. ಔಷಧಿ 90 ದಿನದ್ದು ತೆಗೆದುಕೊಳ್ಳಿ. ಬಳಕೆಯಲ್ಲಿರುವ ಇನ್ಸುಲಿನ್ ಹೆಚ್ಚಿನವು 86 ಡಿಗ್ರಿ ಫ್ಯಾರನ್‌ಹೀಟ್ ಮೀರದಿದ್ದರೆ 28 ದಿನ ಹೊರಗಿರಬಹುದು, ಆದರೆ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಅದನ್ನು ಗಂಟೆಯೊಳಗೆ ಮೀರುತ್ತದೆ.

ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ. ನ್ಯೂ ಮೆಕ್ಸಿಕೋ ಗಡಿಯಲ್ಲಿ ಒಂದು ಗಂಟೆ, ಟೆಕ್ಸಸ್ ಗಡಿಯಲ್ಲಿ ಇನ್ನೊಂದು ಗಂಟೆ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಗ್ರೀನ್ ಕಾರ್ಡ್ ಇರುವವರು ಮೂಲ ಕಾರ್ಡನ್ನೇ ಜೊತೆಯಲ್ಲಿಟ್ಟುಕೊಳ್ಳಬೇಕು, 18 ದಾಟಿದವರಿಗೆ ಅದು ಕಾನೂನು. ರಸ್ತೆ ನೆರವಿನ ಯೋಜನೆಯಲ್ಲಿ ಮೋಟಾರ್‌ಹೋಮ್ ಎಂದು ಸ್ಪಷ್ಟವಾಗಿ ಬರೆದಿದೆಯೇ ನೋಡಿ. ಕಾರಿನ ಯೋಜನೆಯವರು 14,500 ಪೌಂಡ್ ಎಳೆಯಲು ಬರುವುದಿಲ್ಲ. 62 ದಾಟಿದ ನಾಗರಿಕರಿಗೂ ಗ್ರೀನ್ ಕಾರ್ಡಿನವರಿಗೂ ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ಸೀನಿಯರ್ ಪಾಸ್ ಸಿಗುತ್ತದೆ. 80 ಡಾಲರಿಗೆ ಆಜೀವ. ಸೇನೆಯ ಇಂಜಿನಿಯರ್ಸ್ ಕೋರ್ ನಡೆಸುವ ಜಲಾಶಯದ ಕ್ಯಾಂಪ್‌ಗ್ರೌಂಡುಗಳಲ್ಲಿ ಅರ್ಧ ಬೆಲೆ.

ಟೂಸಾನ್ ಮನೆ ಮುಚ್ಚುವುದು

ಮನೆಯ ಮುಖ್ಯ ನೀರಿನ ವಾಲ್ವ್ ಮುಚ್ಚಿ. ಗಿಡಗಳಿಗೆ ಹೋಗುವ ನೀರಿನ ಲೈನು ಬೇರೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ವಾಟರ್ ಹೀಟರ್ ಆರಿಸಿ. ಒಣ ಹವೆಯಲ್ಲಿ ಸಿಂಕು, ಬಚ್ಚಲಿನ ಬಾಗುಪೈಪಿನ ನೀರು ತಿಂಗಳೊಳಗೆ ಆರಿ, ಚರಂಡಿಯ ವಾಸನೆಯೂ ಜಿರಲೆಯೂ ಮೇಲೆ ಬರುತ್ತವೆ; ಪ್ರತಿಯೊಂದಕ್ಕೂ ನಾಲ್ಕು ಚಮಚ ಅಡುಗೆ ಎಣ್ಣೆ ಸುರಿದರೆ ಅದು ನೀರಿನ ಮೇಲೆ ಮುಚ್ಚಳದ ಹಾಗೆ ನಿಲ್ಲುತ್ತದೆ. ಅಂಚೆಗೆ ತಾತ್ಕಾಲಿಕ ವಿಳಾಸ ಬದಲಾವಣೆ ಕೊಡಿ. ಮನೆ ಖಾಲಿ ಇರುವುದನ್ನು ವಿಮೆಯವರಿಗೆ ತಿಳಿಸಿ.

ದಾರಿ

ದಿನಕ್ಕೆ 250 ಮೈಲಿಗಿಂತ ಹೆಚ್ಚು ಬೇಡ, ಮಧ್ಯಾಹ್ನ ಮೂರಕ್ಕೆ ನಿಂತಿರಬೇಕು. ಎರಡು ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆಯಿರಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು. ಚಾಲಕರೂ ಅಲ್ಲೇ ಬದಲಾಗಲಿ. ಓಡುವ ಗಾಡಿಯಲ್ಲಿ ಎದ್ದು ಕಾಫಿ ಬೆರೆಸಲು ಹೋಗಬೇಡಿ. ಒಂದು ಗಟ್ಟಿ ಬ್ರೇಕಿಗೆ ಸೊಂಟ ಮುರಿಯುತ್ತದೆ.

ಮೊದಲ ದಿನ ಡೆಮಿಂಗ್, ಸುಮಾರು 215 ಮೈಲಿ. ಅರಿಜೋನಾ ಗಡಿ ದಾಟಿ ಲಾರ್ಡ್ಸ್‌ಬರ್ಗ್ ತಲುಪುವ ಮೊದಲು ಐ-10 ಒಣಕೆರೆಯೊಂದರ ಮೇಲೆ ಹಾದುಹೋಗುತ್ತದೆ. ಗಾಳಿ ಎದ್ದರೆ ಅಲ್ಲಿ ಕ್ಷಣದೊಳಗೆ ಏನೂ ಕಾಣದಷ್ಟು ಧೂಳು ಕವಿಯುತ್ತದೆ. ಸಾವುಗಳಾದ ಜಾಗ. ಧೂಳಿನ ಗೋಡೆ ಕಂಡರೆ ಹತ್ತಿರದ ಎಕ್ಸಿಟ್‌ನಲ್ಲಿ ಇಳಿದುಬಿಡಿ. ಒಳಗೆ ಸಿಕ್ಕಿಕೊಂಡರೆ ರಸ್ತೆಯಿಂದ ಆದಷ್ಟು ದೂರ ಸರಿದು, ಪಾರ್ಕಿಂಗ್ ಬ್ರೇಕ್ ಹಾಕಿ, ಹಜಾರ್ಡ್ ಸೇರಿ ಎಲ್ಲ ದೀಪ ಆರಿಸಿ, ಬ್ರೇಕ್ ಪೆಡಲಿನಿಂದ ಕಾಲು ತೆಗೆಯಿರಿ. ದೀಪ ಉರಿಯುತ್ತಿದ್ದರೆ ಹಿಂದಿನವರು ಅದೇ ರಸ್ತೆ ಎಂದು ನಂಬಿ ನಿಮ್ಮ ಮೇಲೇ ಬರುತ್ತಾರೆ. ಸೀಟ್ ಬೆಲ್ಟ್ ಬಿಚ್ಚಬೇಡಿ.

ಎರಡನೆಯ ದಿನ ಅಲಮಗೋರ್ಡೊ, 130 ಮೈಲಿಯಷ್ಟೇ. ದಾರಿಯಲ್ಲಿ ಸ್ಯಾನ್ ಅಗಸ್ಟಿನ್ ಪಾಸ್ 5,719 ಅಡಿ. ಏರಿ ಇಳಿದರೆ ವೈಟ್ ಸ್ಯಾಂಡ್ಸ್. ಪಕ್ಕದ ಕ್ಷಿಪಣಿ ನೆಲೆಯ ಪರೀಕ್ಷೆಗೆಂದು ಯುಎಸ್-70ನ್ನು ಆಗಾಗ ಗಂಟೆಯ ಮಟ್ಟಿಗೆ ಮುಚ್ಚುತ್ತಾರೆ, ಹಿಂದಿನ ದಿನವೇ ವಿಚಾರಿಸಿ. ಇಲ್ಲೊಂದು ದಿನ ಹೆಚ್ಚು ಉಳಿಯಿರಿ. ಬಿಳಿ ಮರಳಿನ ದಿಬ್ಬಗಳನ್ನು ಸಂಜೆ ನೋಡಬೇಕು.

ಅಲಮಗೋರ್ಡೊದಿಂದ ಟುಕುಮ್‌ಕ್ಯಾರಿ ಸುಮಾರು 235 ಮೈಲಿ, ಕರೋನಾ ಎಂಬ ಹಳ್ಳಿಯಲ್ಲಿ 6,700 ಅಡಿ ಹತ್ತಿರ ಏರುತ್ತೀರಿ. ಬಂಕುಗಳು ವಿರಳ. ಅರ್ಧ ಟ್ಯಾಂಕಿಗೆ ತುಂಬಿಸುವ ಅಭ್ಯಾಸ ಇಟ್ಟುಕೊಳ್ಳಿ. ಕಾಲು ಟ್ಯಾಂಕಿಗೆ ಇಳಿದರೆ ಜನರೇಟರ್ ಪೆಟ್ರೋಲ್ ಎಳೆಯುವುದನ್ನು ನಿಲ್ಲಿಸುತ್ತದೆ, ಗಾಡಿ ಓಡಲು ಉಳಿಯಲಿ ಎಂದೇ ಹಾಗೆ ಮಾಡಿದ್ದಾರೆ. ಗ್ಯಾಲನ್ನಿಗೆ 9 ಮೈಲಿಯಂತೆ ಇಡೀ ದಾರಿಗೆ 200 ಗ್ಯಾಲನ್ ಬೇಕು. ಕಾರು ಎಳೆದರೆ 225.

ಐದು, ಆರನೆಯ ದಿನಗಳು ಲಿಬರಲ್, ವಿಚಿಟಾ. ಇಲ್ಲಿ ಎದುರಾಳಿ ಗಾಳಿ. ವಸಂತದಲ್ಲಿ ಬಯಲಿನ ಗಾಳಿ ಹೆಚ್ಚಾಗಿ ದಕ್ಷಿಣದಿಂದ ಬೀಸುತ್ತದೆ. ಈಶಾನ್ಯಕ್ಕೆ ಸಾಗುವ ಯುಎಸ್-54ರಲ್ಲಿ ಅದು ಬಲಗಡೆಯಿಂದ ಹೊಡೆಯುತ್ತದೆ, ಜೊತೆಗೆ ಎದುರಿನಿಂದ ಲಾರಿಗಳು. ಬೆಳಿಗ್ಗೆ ಗಾಳಿ ಕಡಿಮೆ, ಆರೂವರೆಗೆ ಹೊರಟರೆ ಹನ್ನೊಂದರೊಳಗೆ ದಿನದ ಕೆಲಸ ಬಹುಪಾಲು ಮುಗಿದಿರುತ್ತದೆ. ಗಂಟೆಗೆ 25 ಮೈಲಿ ಗಾಳಿಗೆ ವೇಗ 55ಕ್ಕೆ ಇಳಿಸಿ. ಸತತ 30, ರಭಸ 40 ದಾಟಿದರೆ ಹೊರಡಲೇಬೇಡಿ. ಒಂದು ದಿನ ತಡವಾದರೆ ಸರೋವರ ಎಲ್ಲೂ ಓಡಿಹೋಗುವುದಿಲ್ಲ.

ಮೇ ತಿಂಗಳು ಕಾನ್ಸಾಸ್‌ನಲ್ಲಿ ಟೊರ್ನೆಡೊ, ಅಂದರೆ ಸುಂಟರಗಾಳಿಯ ಕಾಲ. ಈ ದಾರಿಯಲ್ಲೇ ಇರುವ ಗ್ರೀನ್ಸ್‌ಬರ್ಗ್ ಊರು 2007ರ ಮೇ 4ರ ರಾತ್ರಿ ಬಹುಪಾಲು ನೆಲಸಮವಾಯಿತು. ಮೋಟಾರ್‌ಹೋಮ್ ಟೊರ್ನೆಡೊದಿಂದ ರಕ್ಷಣೆ ಕೊಡುವುದಿಲ್ಲ. ಕ್ಯಾಂಪ್‌ಗ್ರೌಂಡಿಗೆ ಬಂದ ಕೂಡಲೇ ಎರಡು ಪ್ರಶ್ನೆ ಕೇಳಿ: ಇದು ಯಾವ ಕೌಂಟಿ (ಅಲ್ಲಿನ ಜಿಲ್ಲೆ), ಆಶ್ರಯ ಎಲ್ಲಿದೆ? ಹವಾಮಾನ ರೇಡಿಯೋದ ಎಚ್ಚರಿಕೆ ಊರಿನ ಹೆಸರಲ್ಲಿ ಬರುವುದಿಲ್ಲ, ಕೌಂಟಿಯ ಹೆಸರಲ್ಲಿ ಬರುತ್ತದೆ. ಕೌಂಟಿಯ ಹೆಸರನ್ನು ಚೀಟಿಯಲ್ಲಿ ಬರೆದು ರೇಡಿಯೋ ಮೇಲೆ ಅಂಟಿಸಿ. ಎಚ್ಚರಿಕೆ ಬಂದರೆ ಚಪ್ಪಲಿ, ಔಷಧಿ ಚೀಲ, ಫೋನು ಇಷ್ಟೇ ಹಿಡಿದು ಕಾಂಕ್ರೀಟಿನ ಸ್ನಾನಗೃಹದ ಕಟ್ಟಡಕ್ಕೆ ನಡೆಯಿರಿ. ಮೇಲ್ಸೇತುವೆಯ ಕೆಳಗೆ ನಿಲ್ಲುವುದು ತಪ್ಪು, ಅಲ್ಲಿ ಗಾಳಿಯ ರಭಸ ಇನ್ನೂ ಹೆಚ್ಚು.

ವಿಚಿಟಾದಿಂದಾಚೆ ಗಾಳಿ ಬೆನ್ನಿಗೆ ಬರುತ್ತದೆ, ರಸ್ತೆ ಅಗಲ. ಕಾನ್ಸಾಸ್ ಟರ್ನ್‌ಪೈಕ್‌ನಲ್ಲಿ (ಐ-35ರ ಸುಂಕದ ಭಾಗ) ಈಗ ನಗದು ಕಟ್ಟುವ ಗೂಡುಗಳಿಲ್ಲ, ಬಿಲ್ಲು ನಂಬರ್ ಪ್ಲೇಟಿನ ವಿಳಾಸಕ್ಕೆ ಹೋಗುತ್ತದೆ. ನೀವು ಅಲ್ಲಿರುವುದಿಲ್ಲವಾದ್ದರಿಂದ ಆನ್‌ಲೈನಿನಲ್ಲೇ ಕಟ್ಟಿ. ರಾತ್ರಿಗೆ ಮೆಲ್ವರ್ನ್ ಜಲಾಶಯ, ಆಮೇಲೆ ಡಿಮಾಯ್ನ್ ಉತ್ತರದ ಸೇಲರ್‌ವಿಲ್ ಜಲಾಶಯ; ಎರಡೂ ಇಂಜಿನಿಯರ್ಸ್ ಕೋರಿನವು, ಮೊದಲೇ ಕಾದಿರಿಸಿ. ಕಾನ್ಸಾಸ್ ಸಿಟಿಯನ್ನು ಐ-435ರಲ್ಲಿ ಪಶ್ಚಿಮದಿಂದ ಸುತ್ತಿ. ಮಿನಿಯಾಪೊಲಿಸ್ ಬಳಿ ಐ-35 ಎರಡಾಗಿ ಸೀಳುತ್ತದೆ. ಐ-35ಇ ಹಿಡಿದು, ಪೇಟೆಗೆ ಮುಂಚೆಯೇ ಐ-494ಕ್ಕೆ ಪೂರ್ವಕ್ಕೆ ತಿರುಗಿ, ಐ-694ರ ಮೂಲಕ ಮತ್ತೆ ಉತ್ತರಕ್ಕೆ ಸೇರಿಕೊಳ್ಳಿ.

ಸಂಜೆ: ಕರೆಂಟು, ನೀರು, ಅಡುಗೆ

ಗಾಡಿಯನ್ನು ಮಟ್ಟಕ್ಕೆ ನಿಲ್ಲಿಸಿ. ಗ್ಯಾಸಿನಲ್ಲೂ ನಡೆಯುವ ಹಳೆಯ ಮಾದರಿಯ ಫ್ರಿಜ್ ಓರೆಯಾಗಿ ನಿಂತರೆ ಅದರ ದ್ರವ ಹರಿಯದೆ ಕೊನೆಗೆ ಶಾಶ್ವತವಾಗಿ ಕೆಡುತ್ತದೆ. ತಂಗುವ ಜಾಗದ ಕರೆಂಟು ಕಂಬದ ಬ್ರೇಕರ್ ಆರಿಸಿ, ವೋಲ್ಟೇಜ್ ಕಾವಲು ಪೆಟ್ಟಿಗೆ ಸಿಕ್ಕಿಸಿ, ಬ್ರೇಕರ್ ಹಾಕಿ. 104ರಿಂದ 132 ವೋಲ್ಟಿನೊಳಗೆ ಇದ್ದರೆ ಮಾತ್ರ ಗಾಡಿಯ ಕೇಬಲ್ ಜೋಡಿಸಿ. ನಲ್ಲಿಗೆ ಮೊದಲು ಒತ್ತಡ ಇಳಿಸುವ ರೆಗ್ಯುಲೇಟರ್, 45 ಪಿಎಸ್‌ಐಗೆ. ಆಮೇಲೆ ಕುಡಿಯುವ ನೀರಿನ ಬಿಳಿ ಪೈಪು.

ನಮ್ಮ ಅಡುಗೆಗೆ 30 ಆಂಪಿನ ಕರೆಂಟು ಬೇಗ ಸಾಲದಾಗುತ್ತದೆ. 30 ಆಂಪ್ ಎಂದರೆ 3,600 ವಾಟ್. ಏಸಿ 13ರಿಂದ 15 ಆಂಪ್ ಎಳೆಯುತ್ತದೆ. ವಾಟರ್ ಹೀಟರ್ 12. ಪೂರ್ತಿ ಉರಿಯಲ್ಲಿಟ್ಟ ಇಂಡಕ್ಷನ್ ಒಲೆ 15. ಮೂರೂ ಒಟ್ಟಿಗೆ ಎಂದರೆ 40 ದಾಟಿತು, ಹುಳಿ ಕುದಿಯುವ ಮೊದಲೇ ಬ್ರೇಕರ್ ಬೀಳುತ್ತದೆ. ಅಡುಗೆಗೆ ಮೊದಲು ವಾಟರ್ ಹೀಟರನ್ನು ಗ್ಯಾಸಿಗೆ ಬದಲಿಸಿ, ಇಂಡಕ್ಷನ್ನನ್ನು 1,000 ವಾಟಿಗೆ ಇಳಿಸಿ. ಎಂಟು ಆಂಪ್ ಆದೀತು, ಏಸಿಯೂ ನಡೆಯುತ್ತದೆ. ಮಿಕ್ಸಿ 110 ವೋಲ್ಟಿನದೇ ಇರಲಿ.

ಡೆಮಿಂಗ್, ಅಲಮಗೋರ್ಡೊ, ಟುಕುಮ್‌ಕ್ಯಾರಿ ಮೂರೂ 4,000 ಅಡಿಗಿಂತ ಮೇಲಿವೆ. ನೀರು 96 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಗ ಕರಗುವುದಿಲ್ಲ. ಕುಕ್ಕರಿಗೆ ಎರಡು ಕೂಗು ಹೆಚ್ಚು ಕೊಡಿ. ಒಗ್ಗರಣೆ ಹಾಕುವಾಗ ಮೇಲಿನ ಫ್ಯಾನು, ಒಂದು ಕಿಟಕಿ ತೆರೆದಿರಲಿ. ಗ್ಯಾಸ್ ಒಲೆಯಿಂದ ಗಾಡಿ ಬೆಚ್ಚಗೆ ಮಾಡಲು ಎಂದೂ ಹೋಗಬೇಡಿ. ಓಡುವ ದಿನಗಳಿಗೆ ಚಟ್ನಿಪುಡಿ, ಗೊಜ್ಜವಲಕ್ಕಿ, ಮೊಸರನ್ನ ಸಾಕು.

ಕಕ್ಕಸಿನ ತೊಟ್ಟಿಯ ವಿಷಯದಲ್ಲಿ ಸಂಕೋಚ ಬೇಡ. ಚರಂಡಿಗೆ ಹೋಗುವ ಪೈಪು ಜೋಡಿಸಿದ್ದರೂ ತೊಟ್ಟಿಯ ವಾಲ್ವನ್ನು ಸದಾ ಮುಚ್ಚಿಡಿ. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿಯದು ಒಳಗೇ ಒಣಗಿ ಗುಡ್ಡೆಯಾಗುತ್ತದೆ. ಅದನ್ನು ತೆಗೆಸಲು ಬಹಳ ಖರ್ಚು. ಮೂರನೇ ಎರಡು ಪಾಲು ತುಂಬಿದ ಮೇಲೆ ಕೈಗವಸು ಹಾಕಿ, ಮೂರು ಇಂಚಿನ ಪೈಪು ಎರಡೂ ಕಡೆ ಬಿಗಿದು, ಮೊದಲು ಕಕ್ಕಸಿನ ತೊಟ್ಟಿ ಬಿಡಿ. ಪಾರದರ್ಶಕ ಮೊಣಕೈ ಪೈಪಿನಲ್ಲಿ ಹರಿವು ನಿಂತದ್ದು ಕಂಡ ಮೇಲೆ ಮುಚ್ಚಿ, ಆಮೇಲೆ ಬಚ್ಚಲ ನೀರು ಬಿಟ್ಟರೆ ಪೈಪು ತಾನೇ ತೊಳೆದುಕೊಳ್ಳುತ್ತದೆ. ಕೊನೆಗೆ ಕಕ್ಕಸಿಗೆ ಎರಡು ಗ್ಯಾಲನ್ ನೀರು, ತೊಟ್ಟಿಗೆಂದೇ ಸಿಗುವ ಔಷಧಿ ಹಾಕಿ. ಕಾಗದದ ಬದಲು ನೀರು ಬಳಸುವವರ ತೊಟ್ಟಿ ಬೇಗ ತುಂಬುತ್ತದೆ, ಆದರೆ ಕಟ್ಟಿಕೊಳ್ಳುವುದು ಕಡಿಮೆ.

ಬೇಸಿಗೆ ಮನೆ ತೆರೆಯುವುದು

ಉತ್ತರ ಮಿನ್ನೆಸೋಟದ ಮಣ್ಣುರಸ್ತೆಗಳಿಗೆ ವಸಂತದಲ್ಲಿ, ಹಿಮ ಕರಗಿ ನೆಲ ಮೆತ್ತಗಿರುವಾಗ, ಆಕ್ಸಲಿಗೆ ಐದು ಟನ್ ಮಿತಿ ಇರುತ್ತದೆ. ಇ-450 ಇದರೊಳಗೇ ಬರುತ್ತದೆ, ದೊಡ್ಡ ಡೀಸೆಲ್ ಬಸ್ಸುಗಳು ಬರುವುದಿಲ್ಲ. ಆದರೂ ಅಂಗಳಕ್ಕೆ ಇಳಿಸುವ ಮೊದಲು ಮಣ್ಣನ್ನು ಕಾಲಿನಲ್ಲಿ ಒತ್ತಿ ನೋಡಿ.

ಮನೆಯ ಹೊರಗೋಡೆಯಲ್ಲಿ ಗಾಡಿಗೆಂದು ಹೊಸದಾಗಿ ಹಾಕಿಸಿದ 30 ಆಂಪಿನ ಸಾಕೆಟ್ ಇದ್ದರೆ ಕೇಬಲ್ ಸಿಕ್ಕಿಸುವ ಮುಂಚೆ ಮೀಟರ್ ಹಿಡಿಯಿರಿ. 120 ವೋಲ್ಟ್ ತೋರಿಸಬೇಕು. ಬಟ್ಟೆ ಒಣಗಿಸುವ ಯಂತ್ರದ ಸಾಕೆಟ್ ಎಂದುಕೊಂಡು 240 ವೋಲ್ಟ್ ಕೊಟ್ಟಿರುವ ಎಲೆಕ್ಟ್ರಿಶಿಯನ್ನರು ಕಡಿಮೆಯೇನಲ್ಲ. ಸಿಕ್ಕಿಸಿದ ಕ್ಷಣದಲ್ಲಿ ಗಾಡಿಯ ಉಪಕರಣಗಳು ಸುಟ್ಟುಹೋಗುತ್ತವೆ.

ಬಾಗಿಲು ಕಿಟಕಿ ತೆರೆದು ಅರ್ಧ ಗಂಟೆ ಹೊರಗೇ ಇರಿ. ಚಳಿಗಾಲವಿಡೀ ಇಲಿಗಳು ಒಳಗಿದ್ದಿರುತ್ತವೆ, ಹಿಕ್ಕೆಯ ಧೂಳಿನಿಂದ ಹಂಟಾವೈರಸ್ ಬರಬಹುದು. ಒಣಗುಡಿಸಬೇಡಿ. ಗ್ಯಾಲನ್ ನೀರಿಗೆ ಒಂದೂವರೆ ಕಪ್ ಬ್ಲೀಚ್ ಬೆರೆಸಿ ಚಿಮುಕಿಸಿ, ಐದು ನಿಮಿಷ ನೆನೆಯಲು ಬಿಟ್ಟು, ಕೈಗವಸು ಹಾಕಿ ಕಾಗದದಿಂದ ಒರೆಸಿ ತೆಗೆಯಿರಿ.

ಕರೆಂಟು ಹಾಕುವಾಗ ವಾಟರ್ ಹೀಟರಿನ ಬ್ರೇಕರ್ ಒಂದನ್ನು ಮಾತ್ರ ಹಾಕಬೇಡಿ. ತೊಟ್ಟಿಯಲ್ಲಿ ನೀರಿಲ್ಲದೆ ಉರಿದರೆ ಅದರ ಕಾಯಿಲ್ ನಿಮಿಷದೊಳಗೆ ಸುಟ್ಟುಹೋಗುತ್ತದೆ. ಬಾವಿಯ ಒತ್ತಡದ ತೊಟ್ಟಿ ಖಾಲಿ ಇರುವಾಗಲೇ ಅದರ ಗಾಳಿ ನೋಡಿ: 30/50 ಸ್ವಿಚ್ (30ಕ್ಕೆ ಪಂಪ್ ಶುರು, 50ಕ್ಕೆ ನಿಲುಗಡೆ) ಇದ್ದರೆ 28 ಪಿಎಸ್‌ಐ, 40/60 ಇದ್ದರೆ 38. ಶರತ್ಕಾಲದಲ್ಲಿ ನೀರು ಖಾಲಿಯಾಗಲೆಂದು ತೆರೆದಿಟ್ಟ ವಾಲ್ವುಗಳನ್ನೆಲ್ಲ ಮುಚ್ಚಿ ಪಂಪ್ ಹಾಕಿ. ಒಬ್ಬರು ಸ್ವಿಚ್ ಬಳಿ, ಇನ್ನೊಬ್ಬರು ಸಿಂಕುಗಳ ಕೆಳಗೆ ಟಾರ್ಚ್ ಹಿಡಿದು. ಸಿಳ್ಳೆಯ ಸದ್ದೋ ಹನಿಯೋ ಕಂಡರೆ ಕೂಗಬೇಕು, ಪಂಪ್ ಆಗಲೇ ಆರಬೇಕು. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ನಿಂತು ನೀರು ಸರಾಗವಾಗಿ ಬಂದ ಮೇಲಷ್ಟೇ ಹೀಟರಿನ ಬ್ರೇಕರ್.

ಬಾವಿ ನೀರನ್ನು ವರ್ಷಕ್ಕೊಮ್ಮೆ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪರೀಕ್ಷೆಗೆ ಕೊಡಬೇಕು, ಋತುವಿನ ಆರಂಭವೇ ಅದಕ್ಕೆ ಸರಿಯಾದ ಹೊತ್ತು. ಹುಲ್ಲಿನಲ್ಲಿ ಓಡಾಡಿ ಬಂದ ಸಂಜೆ ಮೊಣಕಾಲ ಹಿಂದೆ, ಕಂಕುಳಲ್ಲಿ, ತಲೆಗೂದಲ ಅಂಚಿನಲ್ಲಿ ಉಣ್ಣೆ ಹುಳು ಹತ್ತಿದೆಯೇ ಎಂದು ಒಬ್ಬರನ್ನೊಬ್ಬರು ನೋಡಿ. ಇದು ಉಣ್ಣೆಯಿಂದ ಹರಡುವ ಲೈಮ್ ಕಾಯಿಲೆಯ ಸೀಮೆ. ಗಾಡಿಯನ್ನು ಅವಸರದಲ್ಲಿ ಖಾಲಿ ಮಾಡಬೇಡಿ. ನೀರಿನ ವರದಿ ಕೈಗೆ ಬರುವವರೆಗೆ ಅದರ ತೊಟ್ಟಿಯ ನೀರನ್ನೇ ಕುಡಿಯಿರಿ, ಅದರಲ್ಲೇ ಅಡುಗೆ ಮಾಡಿ. ಮನೆಯೊಳಗಿನ ತೇವದ ವಾಸನೆ ಹೋಗುವವರೆಗೆ ಅದರಲ್ಲೇ ಮಲಗಿ.